ಅನಂತ ಪೈ ಮತ್ತು ಅಮರ ಚಿತ್ರಕಥೆ: ಒಂದು ಮೂಲಕಥೆಯ ಪರಿಶೀಲನೆ

ರಾಜವಂಶಗಳ ಉಗಮವನ್ನು ಕುರಿತ ಐತಿಹ್ಯಗಳನ್ನು ಕರ್ಣಾಟಕದ ಇತಿಹಾಸವನ್ನು ಅಭ್ಯಾಸಮಾಡುವವರಿಗೆ ಹೊಸದಾಗಿ ಪರಿಚಯಮಾಡಿಕೊಡಬೇಕಾಗಿಲ್ಲ. ಸೊಸೆವೂರಿನಲ್ಲಿ ಸಳನು ಮುನಿಯ ಅಪ್ಪಣೆಯಂತೆ ಹುಲಿಯನ್ನು ಹೊಯ್ದನೆಂಬುದು ಒಂದು. ತುಂಗಭದ್ರೆಯ ದಡದಲ್ಲಿ ಮೊಲವು ಬೇಟೆನಾಯಿಗಳಿಗೆ ಎದುರುಬಿದ್ದ ನೆಲದಲ್ಲಿ ವಿಜಯನಗರವು ಎದ್ದಿತೆಂಬುದು ಇನ್ನೊಂದು. ಇಂಥ ಕಥೆಗಳಲ್ಲಿ ಒಂದು ಸಮಾನಲಕ್ಷಣವುಂಟು. ಅವು ವಂಶವು ಹುಟ್ಟಿದಾಗ ಹುಟ್ಟಿದವಲ್ಲ. ವಂಶವು ಬಲಿತು, ತನ್ನ ಹಿರಿಮೆಗೆ ತಕ್ಕ ಆರಂಭವೊಂದು ಬೇಕೆನಿಸಿದಾಗ ಶಾಸನಗಳಲ್ಲಿಯೂ ಬಖೈರುಗಳಲ್ಲಿಯೂ ಕಾಣಿಸಿಕೊಳ್ಳುತ್ತವೆ. ಅನೇಕರು ಅನೇಕ ವರ್ಷ ದುಡಿದುದು ಒಬ್ಬ ವ್ಯಕ್ತಿಯ ಒಂದು ಕ್ಷಣದ ಕಾರ್ಯವಾಗಿ ಅಲ್ಲಿ ನಿಲ್ಲುತ್ತದೆ.

ಈ ಲಕ್ಷಣವು ರಾಜವಂಶಗಳಿಗೆ ಮಾತ್ರ ಸೀಮಿತವಲ್ಲವೆಂಬುದನ್ನು ತೋರಿಸುವ ನಿದರ್ಶನವೊಂದು ನಮ್ಮ ಕಾಲದ ಮುದ್ರಣದ ಚರಿತ್ರೆಯಲ್ಲಿಯೇ ಇದೆ. ಅಮರ ಚಿತ್ರಕಥೆಯೆಂಬ ಮಾಲೆಯ ಸಂಪಾದಕರಾಗಿಯೂ, ‘ಟಿಂಕಲ್’ ಎಂಬ ಮಕ್ಕಳ ಪತ್ರಿಕೆಯ ಸ್ಥಾಪಕ ಸಂಪಾದಕರಾಗಿಯೂ ಪ್ರಸಿದ್ಧರಾದ ಅನಂತ ಪೈಯವರ ಕಾರ್ಯಜೀವನವೇ ಅದು. ಈ ಪುಸ್ತಿಕೆಗಳನ್ನು ಇತಿಹಾಸ ವಿಭಾಗದ ಸಂಶೋಧನ ಸಂಚಿಕೆಯಲ್ಲಿ ಚರ್ಚಿಸುವುದೇ ಎಂದು ಕೆಲವರು ಹುಬ್ಬೇರಿಸಬಹುದು. ಅವರಿಗೆ ನಮ್ಮ ಉತ್ತರವಿಷ್ಟೆ: ಪದವಿ ತರಗತಿಯ ಉತ್ತರಪತ್ರಿಕೆಗಳಲ್ಲಿ, ಸಂಯುಕ್ತೆಯು ಪೃಥ್ವೀರಾಜನ ಪ್ರತಿಮೆಗೆ ಮಾಲೆ ಹಾಕಿದ ಪ್ರಸಂಗವನ್ನು ೧೧೯೨ರ ತರೈನ್ ಯುದ್ಧದಷ್ಟೇ ನಿಶ್ಚಿತವಾದ ಸಂಗತಿಯೆಂಬಂತೆ ಬರೆದಿರುವುದನ್ನು ನಾವು ಒಂದಕ್ಕಿಂತ ಹೆಚ್ಚು ಬಾರಿ ಕಂಡಿದ್ದೇವೆ. ಆ ಪ್ರಸಂಗಕ್ಕೆ ಆಧಾರವಾದ ‘ಪೃಥ್ವೀರಾಜ ರಾಸೋ’ ಈಗ ದೊರೆಯುವ ರೂಪದಲ್ಲಿ ಆ ರಾಜನ ಕಾಲಕ್ಕಿಂತ ಶತಮಾನಗಳಷ್ಟು ಈಚಿನದು. ವಿದ್ಯಾರ್ಥಿಗಳು ರಾಸೋವನ್ನು ಓದಿದವರಲ್ಲ. ವಿಚಾರಿಸಿದರೆ, ಮೂವತ್ತೆರಡು ಪುಟದ ಒಂದು ಬಣ್ಣದ ಪುಸ್ತಿಕೆಯಲ್ಲಿ ಬಾಲ್ಯದಲ್ಲಿ ಕಂಡ ಚಿತ್ರವನ್ನು ಹೇಳುತ್ತಾರೆ. ನಾವು ಪಾಠಮಾಡುವ ಮೊದಲೇ ಪಾಠಮಾಡಿ ಹೋದ ಒಬ್ಬ ಉಪಾಧ್ಯಾಯರಿದ್ದರೆಂದಾಯಿತು. ಅವರು ಯಾರು, ಅವರ ಪಾಠಕ್ರಮವು ಹೇಗೆ ರೂಪುಗೊಂಡಿತು ಎಂಬುದನ್ನು ತಿಳಿಯುವುದು ಅಪ್ರಸ್ತುತವಲ್ಲ.

ಮೊದಲು ಪ್ರಸಿದ್ಧವಾದ ಮೂಲಕಥೆಯನ್ನು ಹೇಳಿಬಿಡುತ್ತೇವೆ. ೧೯೬೭ರ ಫೆಬ್ರವರಿಯಲ್ಲಿ ಪೈಯವರು ಕಾರ್ಯಾರ್ಥವಾಗಿ ದೆಹಲಿಗೆ ಹೋಗಿದ್ದಾಗ ಅಂಗಡಿಯೊಂದರಲ್ಲಿ ದೂರದರ್ಶನದ ರಸಪ್ರಶ್ನೆಯ ಕಾರ್ಯಕ್ರಮವನ್ನು ನೋಡಿದರಂತೆ. ಸ್ಪರ್ಧೆಯಲ್ಲಿದ್ದ ಮಕ್ಕಳು ಗ್ರೀಕ್ ಪುರಾಣವನ್ನು ಕುರಿತ ಪ್ರಶ್ನೆಗೆ ಉತ್ತರ ಹೇಳಬಲ್ಲವರಾಗಿದ್ದರು; ರಾಮನ ತಾಯಿ ಯಾರೆಂಬ ಪ್ರಶ್ನೆಗೆ ಉತ್ತರ ಹೇಳಲಾರದೆ ಹೋದರು. ಇದನ್ನು ಕಂಡು ಮನನೊಂದ ಪೈಯವರು ಕೆಲಸವನ್ನು ಬಿಟ್ಟು, ಭಾರತೀಯ ಮಕ್ಕಳಿಗೆ ಭಾರತೀಯ ಕಥೆಗಳನ್ನು ಚಿತ್ರಗಳ ಮೂಲಕ ಹೇಳುವ ಸಂಕಲ್ಪಮಾಡಿದರು. ಹಲವು ಪ್ರಕಾಶಕರು ನಿರಾಕರಿಸಿದ ಮೇಲೆ ಇಂಡಿಯಾ ಬುಕ್ ಹೌಸಿನ ಮೀರ್‌ಚಂದಾನಿಯವರು ಒಪ್ಪಿದರು. ಅಮರ ಚಿತ್ರಕಥೆಯು ಹುಟ್ಟಿತು. ಪೈಯವರೇ ಇದನ್ನು ಅನೇಕ ಸಂದರ್ಶನಗಳಲ್ಲಿ ಹೇಳಿದ್ದಾರೆ. ಅವರ ಮಾತನ್ನು ಅವಿಶ್ವಾಸದಿಂದ ನೋಡಲು ನಮಗೆ ಕಾರಣವಿಲ್ಲ. ಕಥೆಯ ಒಳಗಿನ ಒಂದು ವಿವರವೂ ಅದಕ್ಕೆ ಬೆಂಬಲವಾಗಿದೆ: ಆಗ ದೂರದರ್ಶನದ ಪ್ರಸಾರವಿದ್ದುದು ದೆಹಲಿಯಲ್ಲಿ ಮಾತ್ರ, ಪೈಯವರ ಊರಾದ ಮುಂಬಯಿಗೆ ಅದು ಬಂದದ್ದು ೧೯೭೨ರಲ್ಲಿ. ಆದಕಾರಣ ಪ್ರಸಂಗವು ದೆಹಲಿಯಲ್ಲಿಯೇ ನಡೆದಿರಬೇಕಾದುದು ಸಹಜ.

ಆದರೆ ಪ್ರಸಂಗವು ನಡೆಯಿತೆಂಬುದು ಬೇರೆ. ಮಾಲೆಯು ಅದರಿಂದಲೇ ಹುಟ್ಟಿತೆಂಬುದು ಬೇರೆ. ಎರಡನೆಯದಕ್ಕೆ ಎದುರಾಗಿ ನಿಲ್ಲುವ ಸಾಕ್ಷ್ಯವೊಂದು ಮಾಲೆಯ ಮೈಮೇಲೆಯೇ ಅಚ್ಚಾಗಿತ್ತು. ಪೈಯವರು ಸ್ವತಃ ಬರೆದ, ರಾಮ್ ವಾಯೀರ್ಕರ್ ಚಿತ್ರಿಸಿದ ‘ಕೃಷ್ಣ’ ೧೯೬೦ರ ದಶಕವು ಮುಗಿಯುವ ಹೊತ್ತಿಗೆ ಹೊರಬಂದಿತು. ಭಾರತೀಯ ವಸ್ತುವುಳ್ಳ ಮೊದಲ ಪುಸ್ತಿಕೆ ಅದೇ. ಅದರ ಸಂಖ್ಯೆ ಒಂದಲ್ಲ, ಹನ್ನೊಂದು. ಹಾಗಾದರೆ ಅದಕ್ಕಿಂತ ಹಿಂದಿನ ಹತ್ತು ಯಾವುವು?

ಸಿಂಡರೆಲ್ಲ, ಹಿಮಬಿಳುಪಿನ ರಾಜಕುಮಾರಿ ಮತ್ತು ಏಳು ಕುಳ್ಳರು, ಅಲ್ಲಾದೀನ ಮತ್ತು ಅವನ ಮಾಯಾದೀಪ, ಪಿನೋಕಿಯೊ ಮೊದಲಾದ ಪರದೇಶದ ಕಥೆಗಳೇ ಆ ಹತ್ತು. ರಾಮನ ತಾಯಿಯ ಹೆಸರನ್ನು ಮಕ್ಕಳಿಗೆ ತಿಳಿಸಲು ಹುಟ್ಟಿದ ಮಾಲೆಯ ತಲೆಯಲ್ಲಿ ಸಿಂಡರೆಲ್ಲ ಕುಳಿತಿರುವುದು ವಿಚಿತ್ರವಲ್ಲವೆ? ಇದಕ್ಕೆ ಸಮಾಧಾನವನ್ನು ಕೊಟ್ಟವರು ಇಂಡಿಯಾ ಬುಕ್ ಹೌಸಿನ ಬೆಂಗಳೂರು ಶಾಖೆಯಲ್ಲಿದ್ದ ಜಿ. ಕೆ. ಅನಂತರಾಮ್ ಅವರು. ಅವರ ಹೇಳಿಕೆಯಂತೆ ಅಮರ ಚಿತ್ರಕಥೆಯು ಮೊದಲಾದುದು ೧೯೬೭ರಲ್ಲಿ ಅಲ್ಲ, ೧೯೬೫ರಲ್ಲಿ; ಮುಂಬಯಿಯಲ್ಲಿ ಅಲ್ಲ, ಬೆಂಗಳೂರಿನಲ್ಲಿ; ಇಂಗ್ಲಿಷಿನಲ್ಲಿ ಅಲ್ಲ, ಕನ್ನಡದಲ್ಲಿ. ಆ ಹತ್ತು ಕಥೆಗಳನ್ನು ಕನ್ನಡದಲ್ಲಿ ಪ್ರಕಟಿಸಿದ ಪ್ರಯತ್ನವು ವ್ಯಾಪಾರದ ದೃಷ್ಟಿಯಿಂದ ಸಫಲವಾಯಿತು. ಅದರಿಂದ ಉತ್ತೇಜಿತರಾದ ಮುಖ್ಯ ಕಚೇರಿಯವರು ಇಂಗ್ಲಿಷಿನಲ್ಲಿ ಮುಂದುವರಿಯಲು ಮನಸ್ಸುಮಾಡಿದರು. ಆ ಕಾರ್ಯಕ್ಕೆ ಪೈಯವರು ಬಂದರು.

ಈ ಎರಡು ಹೇಳಿಕೆಗಳಲ್ಲಿ ಯಾವುದನ್ನು ಸ್ವೀಕರಿಸಬೇಕು? ಎರಡೂ ವರ್ಷಗಳ ತರುವಾಯ ನೆನಪಿನಿಂದ ಬಂದವು. ಇಬ್ಬರೂ ಆ ಕಾರ್ಯದಲ್ಲಿ ಪಾಲುಳ್ಳವರು. ಪ್ರಶಸ್ತಿಗೆ ಪ್ರಶಸ್ತಿಯನ್ನು ಎದುರಿಟ್ಟು ತೂಗಿದರೆ ನಿರ್ಣಯವಾಗದು. ಆದರೆ ಶಾಸನದ ಪ್ರಶಸ್ತಿಭಾಗವು ಏನನ್ನೇ ಹೇಳಲಿ, ಅದರ ತೇದಿಯೂ ಲಿಪಿಯೂ ತಮ್ಮಷ್ಟಕ್ಕೆ ತಾವು ಸಾಕ್ಷಿ ನುಡಿಯುವಂತೆ, ಇಲ್ಲಿ ಹನ್ನೊಂದೆಂಬ ಸಂಖ್ಯೆಯು ಯಾರ ಪರವಾಗಿಯೂ ಅಲ್ಲದೆ ಸಾಕ್ಷಿ ನುಡಿಯುತ್ತದೆ. ಅದು ಅನಂತರಾಮ್ ಅವರ ಹೇಳಿಕೆಗೆ ಹೊಂದುತ್ತದೆ. ಹಾಗೆಂದು ಪೈಯವರ ಕಥೆಯು ಸುಳ್ಳಾಗುವುದಿಲ್ಲ. ಮಾಲೆಯ ಹೆಸರೂ ಅದರ ಮಾರಾಟದ ಧೈರ್ಯವೂ ಬೆಂಗಳೂರಿನಿಂದ ಬಂದವು, ಮಾಲೆಯ ವಸ್ತುವನ್ನು ಪರದೇಶದಿಂದ ಸ್ವದೇಶಕ್ಕೆ ತಿರುಗಿಸಿದವರು ಪೈಯವರು ಎಂದು ತಿಳಿಯುವುದು ಯುಕ್ತವೆಂದು ನಮಗೆ ತೋರುತ್ತದೆ. ಕನ್ನಡಿಗರಾದ ನಾವು ಮೊದಲನೆಯ ಅಂಶವನ್ನು ಸಂತೋಷದಿಂದ ಎತ್ತಿಹೇಳುವೆವೆಂಬ ಸಂಶಯವು ಬಾರದಿರಲೆಂದು ಇನ್ನೊಂದು ಮಾತನ್ನೂ ಸೇರಿಸುತ್ತೇವೆ: ಕನ್ನಡದಲ್ಲಿ ಬಂದುದು ಅನುವಾದವೇ ಹೊರತು ಕನ್ನಡದ ಕಥೆಯಲ್ಲ.

ಪೈಯವರೂ ಒಂದು ಅರ್ಥದಲ್ಲಿ ನಮ್ಮ ನಾಡಿನವರೇ. ೧೯೨೯ರ ಸೆಪ್ಟೆಂಬರ್ ೧೭ರಂದು ಅವರು ಹುಟ್ಟಿದುದು ಕಾರ್ಕಳದಲ್ಲಿ. ೧೪೩೨ರಲ್ಲಿ ವೀರಪಾಂಡ್ಯನು ನಿಲ್ಲಿಸಿದ ಗೊಮ್ಮಟನ ಊರು ಅದು; ಮನೆಮಾತು ಕೊಂಕಣಿ. ಎರಡು ವರ್ಷದ ಮಗುವಾಗಿದ್ದಾಗಲೇ ತಂದೆತಾಯಿಗಳನ್ನು ಕಳೆದುಕೊಂಡು, ಹನ್ನೆರಡನೆಯ ವಯಸ್ಸಿನಲ್ಲಿ ಮುಂಬಯಿಯನ್ನು ಸೇರಿದರು. ಓದಿದುದು ರಸಾಯನಶಾಸ್ತ್ರ ಮತ್ತು ರಾಸಾಯನಿಕ ತಂತ್ರಜ್ಞಾನ. ಇತಿಹಾಸವನ್ನಾಗಲಿ ಸಾಹಿತ್ಯವನ್ನಾಗಲಿ ಕ್ರಮವಾಗಿ ಅಭ್ಯಾಸಮಾಡಿದವರಲ್ಲ. ಪದವಿಯ ದಾರಿಯಲ್ಲಿ ನಡೆದಿದ್ದರೆ ಯಾವುದೋ ಕಾರ್ಖಾನೆಯ ಪ್ರಯೋಗಶಾಲೆಯಲ್ಲಿ ಇರಬೇಕಾಗಿದ್ದವರು ೧೯೫೪ರಲ್ಲಿ ‘ಮಾನವ’ ಎಂಬ ಮಕ್ಕಳ ಪತ್ರಿಕೆಯನ್ನು ತೆಗೆದರು. ಅದು ನಡೆಯಲಿಲ್ಲ.

ಈ ಸೋಲನ್ನು ಜೀವನಚರಿತ್ರೆಗಳು ಒಂದು ಸಾಲಿನಲ್ಲಿ ದಾಟಿಹೋಗುತ್ತವೆ. ನಮಗಾದರೋ ಇಲ್ಲಿ ಸ್ವಲ್ಪ ನಿಲ್ಲಬೇಕೆನಿಸುತ್ತದೆ. ಆ ಕಾಲದ ಮಕ್ಕಳ ಪತ್ರಿಕೆಗಳಲ್ಲಿ ಯಶಸ್ವಿಯಾದುದೆಂದರೆ ‘ಚಂದಮಾಮ’. ೧೯೪೭ರಲ್ಲಿ ತೆಲುಗು ತಮಿಳುಗಳಲ್ಲಿ ಮೊದಲಾದ ಅದರ ಬೆನ್ನಿಗೆ ಮದರಾಸಿನ ವಿಜಯಾ ಸಂಸ್ಥೆಯ ಚಲನಚಿತ್ರದ ಬಲವಿತ್ತು, ಸ್ವಂತ ಮುದ್ರಣಾಲಯವಿತ್ತು, ಹಲವು ಭಾಷೆಗಳ ಮಾರುಕಟ್ಟೆಯಿತ್ತು. ಮಕ್ಕಳ ಪತ್ರಿಕೆಯೆಂಬುದು ನೋಡಲು ಸಣ್ಣದು. ಆದರೆ ಬಣ್ಣದ ಅಚ್ಚು, ಚಿತ್ರಕಾರರ ಸಂಭಾವನೆ, ಊರೂರಿನ ಏಜೆಂಟರಿಂದ ಬರಬೇಕಾದ ಬಾಕಿ ಇವುಗಳೆಲ್ಲ ಸೇರಿದರೆ ವಯಸ್ಕರ ಪತ್ರಿಕೆಗಿಂತ ಭಾರವಾದದ್ದು. ಒಂಟಿ ಪ್ರಕಾಶಕನು ಸಂಪಾದನೆಯಲ್ಲಿ ಎಷ್ಟೇ ಸಮರ್ಥನಾಗಿರಲಿ, ಹಂಚಿಕೆಯ ಜಾಲವಿಲ್ಲದೆ ಉಳಿಯಲಾರನು. ಇಪ್ಪತ್ತೈದರ ವಯಸ್ಸಿನಲ್ಲಿ ಪೈಯವರು ಇದನ್ನು ಕಲಿತಿರಬೇಕು. ಏಕೆಂದರೆ ಮುಂದೆ ಅವರ ಮಹತ್ಕಾರ್ಯವೆಲ್ಲ ನಡೆದುದು ದೇಶಾದ್ಯಂತ ಪುಸ್ತಕಗಳನ್ನು ಹಂಚಬಲ್ಲ ಇನ್ನೊಬ್ಬರ ಸಂಸ್ಥೆಯಲ್ಲಿ. ಮಾಲೆಯು ಅವರ ಹೆಸರಿನೊಡನೆ ಒಂದಾಗಿಹೋಗಿದ್ದರೂ ಅವರು ಅದರ ಒಡೆಯರಲ್ಲ, ಸಂಪಾದಕರು.

ಸ್ವತಂತ್ರ ಉದ್ಯಮದ ಆಸೆಯನ್ನು ಅವರು ಪೂರ್ಣವಾಗಿ ಬಿಡಲಿಲ್ಲವೆಂಬುದೂ ನಿಜ. ೧೯೬೯ರಲ್ಲಿ ‘ರಂಗ ರೇಖಾ ಫೀಚರ್ಸ್’ ಎಂಬ ಸಂಸ್ಥೆಯನ್ನು ಸ್ಥಾಪಿಸಿದರು. ವ್ಯಂಗ್ಯಚಿತ್ರಗಳನ್ನೂ ಚಿತ್ರಮಾಲಿಕೆಗಳನ್ನೂ ಸಿದ್ಧಪಡಿಸಿ ಪತ್ರಿಕೆಗಳಿಗೆ ಒದಗಿಸುವುದು ಅದರ ಕೆಲಸ. ಕಪೀಶನೆಂಬ ಕೋತಿ, ರಾಮು–ಶಾಮು ಎಂಬ ಅವಳಿಗಳು ಅದರ ಪಾತ್ರಗಳು. ಇಲ್ಲಿ ಅಚ್ಚಿನ ಭಾರವೂ ಹಂಚಿಕೆಯ ಭಾರವೂ ಪತ್ರಿಕೆಗಳದು. ‘ಮಾನವ’ದ ಪಾಠವನ್ನು ಅವರು ಮರೆತಿರಲಿಲ್ಲ.

ಈ ಎರಡು ಪ್ರಯತ್ನಗಳ ನಡುವೆ ಬಂದುದು ಟೈಮ್ಸ್ ಆಫ್ ಇಂಡಿಯಾ ಪ್ರಕಾಶನ ಸಂಸ್ಥೆಯ ನೌಕರಿ. ಆ ಸಂಸ್ಥೆಯು ೧೯೬೪ರ ಮಾರ್ಚಿಯಲ್ಲಿ ‘ಇಂದ್ರಜಾಲ ಕಾಮಿಕ್ಸ್’ ಅನ್ನು ಹೊರತಂದಾಗ ಪೈಯವರು ಪುಸ್ತಕ ವಿಭಾಗದಲ್ಲಿದ್ದು ಅದರಲ್ಲಿ ಪಾಲುಗೊಂಡರು. ಅಮೆರಿಕದ ‘ಫ್ಯಾಂಟಮ್’ ಕಥೆಗಳೇ ಅದರ ಬಂಡವಾಳ. ಮೂಲದಲ್ಲಿ ಆ ಮುಖವಾಡದ ವೀರನ ಕಾಡಿನ ಹೆಸರು ‘ಬಂಗಾಳ’ವೆಂದು ಕೇಳಿಸುವಂತಿತ್ತು, ಇಂದ್ರಜಾಲದಲ್ಲಿ ಅದು ‘ಡೆಂಕಾಲಿ’ಯಾಯಿತು. ಈ ಸಣ್ಣ ತಿದ್ದುಪಡಿಯು ಯಾರ ಕೈಯದೇ ಆಗಿರಲಿ, ಅದರಲ್ಲಿ ಒಂದು ಸಂಪಾದಕೀಯ ಪದ್ಧತಿಯೇ ಅಡಗಿದೆ: ಓದುಗನ ಮನಸ್ಸಿಗೆ ಮುಳ್ಳಾಗಬಹುದಾದುದನ್ನು ಅಚ್ಚಿಗೆ ಹೋಗುವ ಮೊದಲೇ ಕಿತ್ತುಹಾಕುವುದು. ಅಮರ ಚಿತ್ರಕಥೆಯಲ್ಲಿ ಈ ಪದ್ಧತಿಯು ಎಲ್ಲಿಗೆ ಮುಟ್ಟಿತೆಂಬುದನ್ನು ಈಗ ನೋಡೋಣ.

‘ಕೃಷ್ಣ’ದ ತರುವಾಯ ಶಕುಂತಲೆ, ಪಾಂಡವರು, ಸಾವಿತ್ರಿ, ರಾಮ ಹೀಗೆ ಪುರಾಣಕಾವ್ಯಗಳ ವಸ್ತುಗಳು ಸಾಲಾಗಿ ಬಂದವು, ಅನಂತರ ಚಾಣಕ್ಯ, ಬುದ್ಧ, ಶಿವಾಜಿ, ರಾಣಾ ಪ್ರತಾಪ, ಪೃಥ್ವೀರಾಜ ಚೌಹಾಣ. ಆರಂಭದಲ್ಲಿ ಮಾರಾಟವು ಮಂದವಾಗಿತ್ತು. ಮೊದಲ ಮೂರು ವರ್ಷಗಳಲ್ಲಿ ಹೋದುದು ೨೦,೦೦೦ ಪ್ರತಿಗಳೆಂದು ಹೇಳಲಾಗಿದೆ. ಚಿತ್ರಕಥೆಯು ಮಕ್ಕಳನ್ನು ಕೆಡಿಸುವ ವಸ್ತುವೆಂಬ ಭಾವನೆಯು ಆಗ ಶಾಲೆಗಳಲ್ಲಿ ಬಲವಾಗಿತ್ತು. ಪೈಯವರು ಶಾಲೆಗಳನ್ನೇ ಗೆಲ್ಲಲು ಹೊರಟರು. ಚಿತ್ರಕಥೆಯಿಂದ ಇತಿಹಾಸವನ್ನು ಕಲಿಸಬಹುದೆಂದು ಉಪಾಧ್ಯಾಯರಿಗೆ ಮನಗಾಣಿಸುವ ಸಲುವಾಗಿ ೧೯೭೮ರಲ್ಲಿ ದೆಹಲಿಯಲ್ಲಿ ವಿಚಾರಗೋಷ್ಠಿಯೂ ನಡೆಯಿತು. ಇತಿಹಾಸದ ಅಧ್ಯಾಪಕರು ಗಮನಿಸಬೇಕಾದ ಸಂಗತಿಯಿದು: ಈ ಪುಸ್ತಿಕೆಗಳು ಪಾಠಶಾಲೆಯ ಹಿಂಬಾಗಿಲಿನಿಂದ ನುಸುಳಿದುವಲ್ಲ, ಕರೆಸಿಕೊಂಡು ಮುಂಬಾಗಿಲಿನಿಂದಲೇ ಬಂದುವು. ೧೯೯೧ರ ವೇಳೆಗೆ ಶೀರ್ಷಿಕೆಗಳ ಸಂಖ್ಯೆ ೪೩೬ನ್ನು ಮುಟ್ಟಿತ್ತು.

ಸಂಪಾದಕರ ಕೆಲಸದ ರೀತಿಯೂ ಗಮನಾರ್ಹವಾದುದು. ಪೈಯವರ ಸುತ್ತ ಕಮಲಾ ಚಂದ್ರಕಾಂತ್, ಸುಬ್ಬರಾವ್, ಲೂಯಿಸ್ ಫರ್ನಾಂಡಿಸ್ ಮೊದಲಾದ ಸಹಸಂಪಾದಕರಿದ್ದರು. ವಾಯೀರ್ಕರ್, ಪ್ರತಾಪ್ ಮುಳೀಕ್, ದಿಲೀಪ್ ಕದಮ್, ಯೂಸುಫ್ ಬೆಂಗಳೂರುವಾಲಾ ಮೊದಲಾದ ಚಿತ್ರಕಾರರಿದ್ದರು. ಲೇಖಕರು ಮೂಲಗ್ರಂಥವನ್ನೋ ಅದರ ಅನುವಾದವನ್ನೋ ಇಟ್ಟುಕೊಂಡು ಬರೆಯಬೇಕು. ಉಡುಗೆ ತೊಡುಗೆ, ಕಟ್ಟಡ, ಆಯುಧಗಳಿಗೆ ಚಿತ್ರಕಾರನು ಶಿಲ್ಪವನ್ನೋ ವರ್ಣಚಿತ್ರವನ್ನೋ ನೋಡಬೇಕು. ಜನಪ್ರಿಯ ಪ್ರಕಾಶನದಲ್ಲಿ ಇಷ್ಟು ಶ್ರದ್ಧೆಯನ್ನು ನಾವು ವಿರಳವಾಗಿ ಕಾಣುತ್ತೇವೆ. ಪವಾಡಗಳ ವಿಷಯದಲ್ಲಿ ವಿಜ್ಞಾನದ ವಿದ್ಯಾರ್ಥಿಯಾಗಿದ್ದ ಪೈಯವರಿಗೆ ಮೊದಮೊದಲು ಸಂಕೋಚವಿತ್ತು. ಓದುಗರ ಒತ್ತಾಯದ ಮುಂದೆ ಆ ಸಂಕೋಚವು ಉಳಿಯಲಿಲ್ಲ.

ಆದರೆ ಮೂಲವನ್ನು ನೋಡುವುದು ಒಂದು, ಮೂಲವನ್ನು ಪರೀಕ್ಷಿಸುವುದು ಇನ್ನೊಂದು. ರಾಸೋವನ್ನು ನಿಷ್ಠೆಯಿಂದ ಅನುಸರಿಸಿದ ಮಾತ್ರಕ್ಕೆ ಹನ್ನೆರಡನೆಯ ಶತಮಾನದ ಚರಿತ್ರೆ ದೊರೆಯುವುದಿಲ್ಲ. ಕೌಸಲ್ಯೆಯ ಮಗನಾದ ರಾಮನಿಗೂ ಶಹಾಜಿಯ ಮಗನಾದ ಶಿವಾಜಿಗೂ ಒಂದೇ ಅಳತೆಯ ಪುಟ, ಒಂದೇ ಬಗೆಯ ಗೆರೆ, ಒಂದೇ ಬಗೆಯ ಮಾತಿನ ಗುಳ್ಳೆ. ಯಾವುದು ಪುರಾಣ, ಯಾವುದು ಕಾವ್ಯ, ಯಾವುದು ದಾಖಲೆಯಿಂದ ತಿಳಿದುದು ಎಂಬ ಭೇದವನ್ನು ಒಂಬತ್ತು ವರ್ಷದ ಓದುಗನು ಆ ಪುಟದಿಂದ ತಿಳಿಯುವ ಬಗೆ ಹೇಗೆ? ಮಾಲೆಯ ಗಂಭೀರವಾದ ದೋಷವೆಂದು ನಾವು ಎಣಿಸುವುದು ಇದನ್ನೇ. ಅದರ ವಸ್ತುವಿನ ಆಯ್ಕೆಯಲ್ಲಿ ಪಕ್ಷಪಾತವಿತ್ತೆಂಬ ಆಕ್ಷೇಪಣೆಗಿಂತ ಇದು ಆಳವಾದುದು. ಆಯ್ಕೆಯ ದೋಷವನ್ನು ಹೊಸ ಶೀರ್ಷಿಕೆಗಳಿಂದ ತುಂಬಬಹುದಾಗಿತ್ತು, ತಕ್ಕಮಟ್ಟಿಗೆ ತುಂಬಲೂ ಆಯಿತು: ಅಕ್ಬರ್, ನೂರ್‌ಜಹಾನ್, ಟಿಪ್ಪು ಸುಲ್ತಾನ್ ಬಂದರು, ೧೯೭೯ರಲ್ಲಿ ಬಾಬಾಸಾಹೇಬ್ ಅಂಬೇಡ್ಕರ್ ಬಂದರು, ಬಸವೇಶ್ವರ, ಕೃಷ್ಣದೇವರಾಯ, ರಾಣಿ ಅಬ್ಬಕ್ಕ ಇವರಿಗೂ ಸ್ಥಾನ ದೊರೆಯಿತು.

ಪೈಯವರು ತಮ್ಮ ಸಂಪಾದಕೀಯ ಧೋರಣೆಯನ್ನು ಮರೆಮಾಡಿದವರಲ್ಲ. ಸತ್ಯವನ್ನು ನುಡಿಯಬೇಕು, ಆದರೆ ಅಪ್ರಿಯವಾದ ಸತ್ಯವನ್ನು ನುಡಿಯಬಾರದೆಂಬ ಅರ್ಥದ ಸಂಸ್ಕೃತ ಸುಭಾಷಿತವನ್ನು ಅವರು ಮತ್ತೆ ಮತ್ತೆ ಉದಾಹರಿಸುತ್ತಿದ್ದರು. ಮಕ್ಕಳಿಗಾಗಿ ಬರೆಯುವವನ ಬಾಯಲ್ಲಿ ಈ ನೀತಿಯು ಅಸಹಜವೇನಲ್ಲ. ಮನೆಯಲ್ಲಿ ನಾವೆಲ್ಲರೂ ಅದನ್ನೇ ಪಾಲಿಸುತ್ತೇವೆ. ಆದರೆ ಇತಿಹಾಸವೆಂಬುದು ಬಹುಮಟ್ಟಿಗೆ ಅಪ್ರಿಯವಾದ ಸತ್ಯಗಳಿಂದಲೇ ಕಟ್ಟಿದ ಶಾಸ್ತ್ರ. ಈ ಸಂತ ಚರಿತ್ರೆಗಳನ್ನು ಪರಿಶೀಲಿಸಿದ ಜಾನ್ ಸ್ಟ್ರಾಟನ್ ಹಾಲಿ ಎಂಬ ವಿದ್ವಾಂಸರು ೧೯೯೫ರಲ್ಲಿ ಪ್ರಕಟವಾದ ತಮ್ಮ ಲೇಖನದಲ್ಲಿ, ಲೋಕದ ಕಟ್ಟಳೆಗಳನ್ನು ಮೀರಿನಿಂತ ಸಂತರು ಇಲ್ಲಿ ಗೃಹಸ್ಥಧರ್ಮದ ಮಾದರಿಗಳಾಗಿ ಪಳಗಿದ್ದಾರೆಂದು ತೋರಿಸಿದರು. ಮೀರಾಬಾಯಿಯು ಈ ಪುಟಗಳಲ್ಲಿ ಆದರ್ಶಪತ್ನಿಯಾಗಿ ಕಾಣುತ್ತಾಳೆ. ಗಂಡನ ಮನೆಯನ್ನೂ ರಾಣಿವಾಸದ ಮರ್ಯಾದೆಯನ್ನೂ ತೊರೆದು ಹೋದ ಹೆಣ್ಣಿನ ಕಥೆಗೆ ಇದಕ್ಕಿಂತ ವಿಪರೀತವಾದ ರೂಪವನ್ನು ಊಹಿಸುವುದು ಕಷ್ಟ.

ಇನ್ನು, ಅಪ್ರಿಯವೆಂದರೆ ಯಾರಿಗೆ ಅಪ್ರಿಯವೆಂಬ ಪ್ರಶ್ನೆಯಿದೆ. ೧೯೭೦ರ ದಶಕದಲ್ಲಿ ಬಂದ ‘ವಾಲ್ಮೀಕಿ’ ಸಂಚಿಕೆಯಲ್ಲಿ, ಬಹುಜನರಿಗೆ ಪರಿಚಿತವಾದ ಐತಿಹ್ಯದಂತೆ, ಕವಿಯನ್ನು ಮೊದಲು ದಾರಿಗಳ್ಳನಾಗಿ ಚಿತ್ರಿಸಲಾಗಿತ್ತು. ಪಂಜಾಬಿನ ವಾಲ್ಮೀಕಿ ಸಮುದಾಯದವರು ಇದನ್ನು ಪ್ರತಿಭಟಿಸಿದರು. ತಮ್ಮ ಕುಲಗುರುವನ್ನು ಕಳ್ಳನೆಂದುದು ಅವರಿಗೆ ಅಪ್ರಿಯ. ಚಿತ್ರಕಥೆಯನ್ನು ಸಿದ್ಧಪಡಿಸಿದವರಿಗೆ ಅದರಲ್ಲಿ ಅಪ್ರಿಯವಾದುದು ಇದೆಯೆಂದೇ ತೋರಿರಲಿಲ್ಲ. ಒಂದು ವರ್ಗದ ಮನೆಗಳಲ್ಲಿ ಹೇಳಿಕೊಂಡು ಬಂದ ಕಥೆಯನ್ನು ಸಮಸ್ತ ದೇಶದ ಕಥೆಯೆಂದು ತಿಳಿದುದರ ಫಲವಿದು. ಪೈಯವರು ದ್ವೇಷದಿಂದ ಹಾಗೆ ಮಾಡಿದರೆಂದು ಯಾರೂ ಹೇಳಲಾರರು. ದ್ವೇಷವಿಲ್ಲದೆಯೂ ಇಂಥ ತಪ್ಪು ಸಂಭವಿಸುತ್ತದೆಂಬುದೇ ಇಲ್ಲಿ ನಮ್ಮ ಗಮನಕ್ಕೆ ಬರಬೇಕಾದುದು. ನಮ್ಮ ಪಠ್ಯಪುಸ್ತಕಗಳನ್ನು ಬರೆದ ಹಿರಿಯರು ಈ ತಪ್ಪಿನಿಂದ ಮುಕ್ತರಾಗಿದ್ದರೆಂದು ಎದೆತಟ್ಟಿ ಹೇಳುವ ಧೈರ್ಯ ನಮಗಿಲ್ಲ.

೧೯೮೦ರ ನವೆಂಬರಿನಲ್ಲಿ ಹೊರಟ ‘ಟಿಂಕಲ್’ ಪೈಯವರ ಇನ್ನೊಂದು ಮುಖವನ್ನು ತೋರಿಸುತ್ತದೆ. ಪತ್ರಿಕೆಯ ಹೆಸರು ಸುಬ್ಬರಾವ್ ಅವರ ಸೂಚನೆ. ಚಿತ್ರಕಥೆಯ ಮಾಲೆಯಲ್ಲಿ ಸಂಪಾದಕನು ಹೇಳುವವನು, ಮಗುವು ಕೇಳುವುದು. ಪತ್ರಿಕೆಯಲ್ಲಾದರೋ ಮಗುವೂ ಹೇಳಬಹುದಾಗಿತ್ತು. ಓದುಗರು ಕಳುಹಿಸಿದ ಕಥೆಗಳು ಅದರಲ್ಲಿ ಅಚ್ಚಾಗುತ್ತಿದ್ದವು; ಪೆದ್ದುಸೇವಕನಾದ ಸುಪ್ಪಾಂಡಿಯ ಮೂಲವೂ ತಿರುಚಿನಾಪಳ್ಳಿಯ ಓದುಗರೊಬ್ಬರು ಬರೆದು ಕಳುಹಿಸಿದ ಕಥೆಗಳೇ. ‘ಅಂಕಲ್ ಪೈ’ ಎಂಬ ಹೆಸರು ಮನೆಮಾತಾದುದು ಈ ಪತ್ರವ್ಯವಹಾರದಿಂದ. ‘ಮಾನವ’ದ ಸೋಲಿಗೆ ಇಪ್ಪತ್ತಾರು ವರ್ಷಗಳ ಮೇಲೆ ಅವರಿಗೆ ತಮ್ಮ ಮಕ್ಕಳ ಪತ್ರಿಕೆ ದೊರೆಯಿತೆನ್ನಬಹುದು. ಇತಿಹಾಸದ ಹೊರೆಯಿಲ್ಲದ ಈ ಕೆಲಸದಲ್ಲಿ ಅವರ ಪ್ರತಿಭೆಯು ಹೆಚ್ಚು ಸಹಜವಾಗಿ ಹರಿಯಿತೆಂಬುದು ನಮ್ಮ ಅಭಿಪ್ರಾಯ. ಇದನ್ನು ಒಪ್ಪದವರು ಬಹಳ ಮಂದಿ ಇರಬಹುದು.

ದೂರದರ್ಶನದ ಮುಂದೆ ಹುಟ್ಟಿತೆನ್ನಲಾದ ಮಾಲೆಯು ದೂರದರ್ಶನದ ಮುಂದೆಯೇ ಬಾಡಿತು. ೧೯೮೭ರ ಜನವರಿಯಲ್ಲಿ ರಾಮಾನಂದ ಸಾಗರರ ‘ರಾಮಾಯಣ’ವೂ ಮರುವರ್ಷ ಬಿ. ಆರ್. ಚೋಪ್ರಾ ಅವರ ‘ಮಹಾಭಾರತ’ವೂ ಮೊದಲಾದವು. ಕೌಸಲ್ಯೆಯು ಯಾರೆಂಬುದನ್ನು ತಿಳಿಯಲು ಮಕ್ಕಳು ಈಗ ಪುಸ್ತಿಕೆಯನ್ನು ಕೊಳ್ಳಬೇಕಾಗಿರಲಿಲ್ಲ. ೧೯೯೧ರ ನಂತರ ಹೊಸ ಶೀರ್ಷಿಕೆಗಳು ನಿಂತು, ಹಳೆಯವುಗಳ ಮರುಮುದ್ರಣವು ನಡೆಯಿತು. ೨೦೦೭ರಲ್ಲಿ ಮಾಲೆಯೂ ಪತ್ರಿಕೆಯೂ ಎಸಿಕೆ ಮೀಡಿಯಾ ಎಂಬ ಹೊಸ ಸಂಸ್ಥೆಯ ಕೈಸೇರಿದವು. ೨೦೧೧ರ ಫೆಬ್ರವರಿಯಲ್ಲಿ ದೆಹಲಿಯಲ್ಲಿ ನಡೆದ ಚಿತ್ರಕಥೆಗಳ ಮೇಳದಲ್ಲಿ ಪೈಯವರಿಗೆ ಜೀವಮಾನದ ಸಾಧನೆಗಾಗಿ ಪ್ರಶಸ್ತಿಯನ್ನು ಘೋಷಿಸಲಾಯಿತು. ಅದೇ ತಿಂಗಳ ೨೪ರಂದು ಅವರು ಮುಂಬಯಿಯಲ್ಲಿ ತೀರಿಕೊಂಡರು.

ಕೊನೆಗೆ ಆ ಸಂಖ್ಯೆಯ ವಿಷಯ. ಮರುಮುದ್ರಣಗಳಲ್ಲಿ ಶೀರ್ಷಿಕೆಗಳಿಗೆ ಹೊಸ ಕ್ರಮಾಂಕಗಳನ್ನು ಕೊಡಲಾಯಿತು. ಹನ್ನೊಂದನೆಯದಾಗಿದ್ದ ‘ಕೃಷ್ಣ’ ಈಗ ೫೦೧. ಸಾಲು ಅದರಿಂದಲೇ ಮೊದಲಾಗುತ್ತದೆ. ಈ ಮುದ್ರಣವನ್ನು ಕೈಯಲ್ಲಿ ಹಿಡಿದ ವಿದ್ಯಾರ್ಥಿಗೆ ಹಿಂದಿನ ಹತ್ತು ಯಾವುವೆಂದು ಕೇಳುವ ಪ್ರಸಂಗವೇ ಬರುವುದಿಲ್ಲ. ನಮ್ಮ ಕಾಲೇಜುಗಳ ಇರುವ ಊರುಗಳಲ್ಲಿ, ೧೯೬೫ರ ಸುಮಾರಿನಲ್ಲಿ ಮಕ್ಕಳಾಗಿದ್ದವರ ಮನೆಗಳ ಅಟ್ಟದ ಮೇಲೆ, ಕನ್ನಡವನ್ನಾಡುವ ಸಿಂಡರೆಲ್ಲಳ ಪ್ರತಿಯೇನಾದರೂ ಉಳಿದಿದ್ದರೆ, ಹಳೆಯ ಕಾಗದವೆಂದು ತೂಕಕ್ಕೆ ಹಾಕದೆ ವಿಭಾಗದ ಗ್ರಂಥಭಂಡಾರಕ್ಕೆ ತಲಪಿಸಬೇಕೆಂದು ಈ ಸಂಚಿಕೆಯ ವಾಚಕರನ್ನು ಕೇಳಿಕೊಳ್ಳುತ್ತೇವೆ.